ಕತ್ತರಿಸಿದ ಕೂದಲಿಗೆ ಊರಿಟ್ಟ ಕಾಯಿಲೆ

ಶಾರ್ಜಾ

ನನ್ನನ್ನು ಮೊದಲು ರೋಗಿ ಮಾಡಿದವರು ಶಾರ್ಜಾ ವಿಮಾನ ನಿಲ್ದಾಣದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನಮ್ಮ ಕರಾವಳಿಯ ಒಬ್ಬ ಬ್ಯಾರಿ ಮುಸ್ಲಿಂ ಹಿರಿಯರು. ಮಗನ ಮನೆಯಲ್ಲಿ ಇದ್ದು ಊರಿಗೆ ಹೊರಟಿದ್ದರು. ನಾನು ಊರಿನಿಂದ ಬಂದು ಜಾರ್ಜಿಯಾ ದೇಶದ ತ್ಬಿಲಿಸಿಗೆ ಹೋಗುವ ವಿಮಾನಕ್ಕೆ ಕಾಯುತ್ತಿದ್ದೆ. ಫೋನಿನಲ್ಲಿ ನಾನು "ಎಂತ ಮಾರಾಯ್ತಿ, ಇನ್ನೂ ಗೇಟ್ ಓಪನ್ ಆಗ್ಲಿಲ್ಲ" ಎಂದದ್ದು ಕೇಳಿ ಅವರು ಈ ಕಡೆ ತಿರುಗಿದರು.

"ಪುತ್ತೂರಾ?"

"ಇರುದು ಪುತ್ತೂರಲ್ಲಿ. ಮನೆ ಕಾಣಿಯೂರು."

"ನಂದು ಕೆದಂಬಾಡಿ. ನೋಡಿ, ಎಲ್ಲಿ ಬಂದು ಸಿಕ್ಕುದು!" ಎಂದು ಖುಷಿಯಾದರು. ಆಮೇಲೆ ನನ್ನ ತಲೆ ನೋಡಿದರು. ದನಿ ಇಳಿಸಿ ಕೇಳಿದರು: "ಮದ್ದಿಗಾ ಹೋಗುದು?"

"ಎಂತ ಮದ್ದು?"

"ಅಲ್ಲ, ತಲೆ ನೋಡಿ ಕೇಳಿದ್ದು. ನನ್ನ ತಂಗಿಗೂ ಹೀಗೇ ಆಗಿತ್ತು. ಹೆದರ್ಬಾರ್ದು ಅಕ್ಕ. ಈಗೆಲ್ಲ ಗುಣ ಆಗ್ತದೆ."

"ನಿಮ್ಮ ತಂಗಿಗೆ ಗುಣ ಆಯ್ತಾ?"

ಅವರು ಗಾಜಿನಾಚೆ ನಿಂತ ವಿಮಾನಗಳ ಕಡೆ ತಿರುಗಿದರು. ಚೀಲದಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟರು. "ಖರ್ಜೂರ ತಿನ್ನಿ. ರಕ್ತ ಆಗ್ತದೆ."

ನಾನು ತಿಂದೆ. ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಕೂದಲನ್ನು ನಾನೇ ಕತ್ತರಿಸಿಕೊಂಡದ್ದು, ಪುತ್ತೂರಿನ ನನ್ನ ಬಾಡಿಗೆ ಕೋಣೆಯಲ್ಲಿ, ನಾನು ಕರಡು ತಿದ್ದುವ ಪ್ರೆಸ್ಸಿನಿಂದ ತಂದ ಕಾಗದದ ಕತ್ತರಿಯಲ್ಲಿ. ಮೊದಲು ಗದ್ದದವರೆಗೆ. ಎಡಗಡೆ ಇಳಿಜಾರಾಯಿತು. ಎಡಕ್ಕೆ ಸರಿಯಾಗಲಿ ಎಂದು ಬಲಗಡೆ ಕತ್ತರಿಸಿದೆ, ಬಲಕ್ಕೆ ಸರಿಯಾಗಲಿ ಎಂದು ಎಡಗಡೆ. ಕೈ ನಿಲ್ಲುವಾಗ ತಲೆಯ ಮೇಲೆ ಉಳಿದದ್ದು ಬೆರಳಿನಷ್ಟು ಉದ್ದ, ಅದೂ ಕೋಳಿ ಕೆದಕಿದ ಹಾಗೆ. ಯಾಕೆ ಕತ್ತರಿಸಿದೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರಗಳು ಉಂಟು. ಸೆಕೆ ತಡೆಯಲಿಲ್ಲ ಎನ್ನಬಹುದು. ನಾನು ನೋಡಲು ಹೊರಟಿದ್ದ ಅನಿತಾ ಕಳಿಸಿದ, ಅವಳ ಗಿಡ್ಡ ಕೂದಲಿನ ಫೋಟೋ ನೋಡಿ ಎನ್ನಬಹುದು. ನಲವತ್ತರ ಹತ್ತಿರ ಬಂದವಳು ಇನ್ನಾದರೂ ತನ್ನ ಹಾಗೆ ಕಾಣಬೇಕು ಎನ್ನಿಸಿತು ಎಂದೂ ಹೇಳಬಹುದು. ಎಲ್ಲವೂ ಆಮೇಲೆ ಹುಟ್ಟಿದ ಉತ್ತರಗಳು. ಆ ಹೊತ್ತಿನ ಬಗ್ಗೆ ನನಗೆ ಖಾತ್ರಿಯಿರುವುದು ಕತ್ತರಿಯ ಶಬ್ದ ಮಾತ್ರ. ಅದು ಕಾಗದ ಕತ್ತರಿಸುವಾಗಿನ ಶಬ್ದದ ಹಾಗೆ ಇರಲಿಲ್ಲ.

ಇಲ್ಲಿ ಬರುವ ಹೆಸರುಗಳೆಲ್ಲ ಬೇರೆ, ನನ್ನದೂ. ಊರುಗಳನ್ನು ಹಾಗೇ ಬಿಟ್ಟಿದ್ದೇನೆ.

ತ್ಬಿಲಿಸಿ: ಮೆಸ್ಸಿನ ಅಡುಗೆಮನೆ

ಅನಿತಾ ಸುಳ್ಯದವಳು. ಜಾರ್ಜಿಯಾಕ್ಕೆ ಡಾಕ್ಟರ್ ಓದಲು ನಮ್ಮ ಕಡೆಯಿಂದ ತುಂಬ ಮಕ್ಕಳು ಹೋಗುತ್ತಾರೆ. ಅವರಿಗೆ ಊಟ ಹಾಕಲು ಅವಳು ಒಂದು ಮೆಸ್ ಇಟ್ಟಿದ್ದಾಳೆ. ಹಳೆಯ ಸೋವಿಯತ್ ಕಾಲದ ಬಹುಮಹಡಿ ಕಟ್ಟಡ. ಗೋಡೆಯ ಸಿಮೆಂಟು ಉದುರಿದೆ. ಒಂದು ಬಾಲ್ಕನಿಯಿಂದ ಎದುರಿನ ಕಂಬಕ್ಕೆ ಹಗ್ಗ ಕಟ್ಟಿ, ಬಾವಿಯ ರಾಟೆಯ ಹಾಗೆ ಎಳೆದೆಳೆದು ಬಟ್ಟೆ ಒಣಗಿಸುತ್ತಾರೆ. ಲಿಫ್ಟಿಗೆ ನಾಣ್ಯ ಹಾಕಬೇಕು. ಹಾಕದಿದ್ದರೆ ಅದು ಅಲುಗುವುದಿಲ್ಲ. ನಾನು ಗೊತ್ತಿಲ್ಲದೆ ಒಳಗೆ ನಿಂತು ಗುಂಡಿ ಒತ್ತುತ್ತಲೇ ಇದ್ದೆ. ಕಪ್ಪು ಬಟ್ಟೆಯ ಅಜ್ಜಿಯೊಬ್ಬರು ಬಂದು ಗದರಿ, ತನ್ನ ನಾಣ್ಯ ಹಾಕಿ, ನನ್ನನ್ನು ತನ್ನ ಮಹಡಿಗೆ ಕರೆದುಕೊಂಡು ಹೋಗಿ ಅಲ್ಲಿಂದ ಮೆಟ್ಟಿಲು ತೋರಿಸಿದರು.

ಅನಿತಾಳನ್ನು ನಾನು ಪ್ರೀತಿಸುತ್ತೇನೆ. ಪ್ರವಾಸದ ಕಥೆಯಲ್ಲಿ ಇದನ್ನು ಸ್ವಲ್ಪ ದೂರ ಮುಚ್ಚಿಟ್ಟುಕೊಂಡು ಹೋಗಬಹುದಿತ್ತು. ಮುಚ್ಚಿಡುವ ಕೆಲಸ ನನಗೆ ಸಾಕಾಗಿದೆ. ಅವಳಿಗೂ ಮೊದಲು ನನಗೆ ದಿನೇಶನೊಂದಿಗೆ ಮದುವೆಯಾಗಿತ್ತು. ಅವನನ್ನೂ ಪ್ರೀತಿಸಿದ್ದೆ. ಈಗ ಅವನಿಗೆ ಹಾಸನದಲ್ಲಿ ಬೇರೆ ಸಂಸಾರ ಉಂಟು. ನನ್ನ ಮಟ್ಟಿಗೆ ಎರಡೂ ನಿಜ. ಒಂದು ನಿಜವಾಗಲು ಇನ್ನೊಂದು ಸುಳ್ಳಾಗಲೇಬೇಕು ಎಂದು ದಿನೇಶ ನಂಬಿದ್ದ. ಅನಿತಾಳೂ ಒಮ್ಮೊಮ್ಮೆ ನಂಬುತ್ತಾಳೆ. "ನಾಳೆ ಯಾವನಾದ್ರೂ ಸಿಕ್ಕಿದರೆ ಹೋಗ್ತಿಯಲ್ಲ ನೀನು" ಎಂದು ಬದನೆ ಹೆಚ್ಚುತ್ತಾ ತಮಾಷೆಗೆ ಎನ್ನುವ ಹಾಗೆ ಹೇಳುತ್ತಾಳೆ.

ಅವಳು ವಿಮಾನ ನಿಲ್ದಾಣದಲ್ಲಿ ನನ್ನನ್ನು ನೋಡಿ ಜೋರಾಗಿ ನಕ್ಕಿದ್ದಳು. "ಯಾರು ಮಾರಾಯ್ತಿ ನಿನ್ನ ತಲೆ ತಿಂದದ್ದು?" ಅಪ್ಪಿಕೊಳ್ಳಲಿಲ್ಲ, ನನ್ನ ಚೀಲ ತೆಗೆದುಕೊಂಡಳು. ಟ್ಯಾಕ್ಸಿಯಲ್ಲಿ ನಾನು ಕೈ ಹಿಡಿಯಲು ಹೋದಾಗ ಮೆಲ್ಲಗೆ ಬಿಡಿಸಿದಳು. "ಇಲ್ಲಿಯೂ ಹಾಗೇ. ಹೊರಗೆ ಬೇಡ. ಊರಿಗಿಂತ ಜಾಸ್ತಿ ದೊಡ್ಡ ಬಾಯಿ ಇವರದ್ದು." ದೇಶ ಬಿಟ್ಟು ಬಂದರೆ ಕೈ ಹಿಡಿಯಬಹುದು ಎಂದು ನಾನು ಅಂದುಕೊಂಡಿದ್ದೆ ಎನ್ನುವುದು ಆಗ ನನಗೆ ತಿಳಿಯಿತು.

ಅಡುಗೆಮನೆಯಲ್ಲಿ ಮಾತ್ರ ಅವಳ ರಾಜ್ಯ. ಊರಿಂದ ಬರುವ ಮಕ್ಕಳ ಚೀಲಗಳಲ್ಲಿ ಕುಚ್ಚಲಕ್ಕಿ ಬರುತ್ತದೆ. ತೆಂಗಿನಕಾಯಿಯ ಬದಲು ಒಣ ತುರಿ. ಹುಣಸೆ ಮುಗಿದಾಗ ಇಲ್ಲಿಯವರು ಮಾಂಸಕ್ಕೆ ಹಾಕಿಕೊಳ್ಳುವ ಹುಳಿ ಪ್ಲಮ್ಮಿನ ಗೊಜ್ಜು ಸಾರಿಗೆ ಬೀಳುತ್ತದೆ. ನಮ್ಮ ಕಡೆಯ ಹುಳಿಹಣ್ಣು ಪುನರ್ಪುಳಿಯ ಅಕ್ಕನ ಮಗಳ ಹಾಗೆ ಅದರ ರುಚಿ. ಕೊತ್ತಂಬರಿ ಸೊಪ್ಪು ಮಾತ್ರ ನಮ್ಮವರನ್ನೂ ಮೀರಿಸುವ ಹಾಗೆ ಎಲ್ಲದರ ಮೇಲೂ.

ಭಾನುವಾರ, ಬಾಲ್ಕನಿ

ಭಾನುವಾರ ಊಟವಾದ ಮೇಲೆ ಮೆಸ್ಸಿನ ಹುಡುಗಿಯರು ಬಾಲ್ಕನಿಯಲ್ಲಿ ಸಾಲು ಹಿಡಿಯುತ್ತಾರೆ. ಅನಿತಾ ಅವರ ಕೂದಲು ಕತ್ತರಿಸುತ್ತಾಳೆ. ಹೊರಗೆ ಸಲೂನಿಗೆ ಹೋದರೆ ಭಾಷೆಯ ತೊಂದರೆ. ರಕ್ಷಾ ಎಂಬ ಸುಳ್ಯದ ಹುಡುಗಿ ಒಮ್ಮೆ ಹೋಗಿ, ಇಷ್ಟು ಕತ್ತರಿಸಿ ಎಂದು ಎರಡು ಬೆರಳಿನ ನಡುವೆ ಜಾಗ ಮಾಡಿ ತೋರಿಸಿದಳಂತೆ. ಅವರು ಅಷ್ಟನ್ನೇ ಉಳಿಸಿ ಕಳಿಸಿದರು.

"ಆ ದಿನದಿಂದ ಅನಿತಕ್ಕನೇ ನಮ್ಮ ಬ್ಯೂಟಿ ಪಾರ್ಲರ್" ಎಂದಳು ರಕ್ಷಾ. ಕುತ್ತಿಗೆಗೆ ಹಳೆಯ ಟೇಬಲ್ ಬಟ್ಟೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ನನ್ನನ್ನು ಸ್ವಲ್ಪ ಹೊತ್ತು ನೋಡಿ, ಓರೆಯಾಗಿ ನಕ್ಕಳು. "ಆಂಟಿ, ನಿಮ್ಮದು ಬೈ ಕಟ್ ಅಲ್ವಾ?"

"ಎಂದರೆ?"

"ಇಬ್ಬರೂ ಇಷ್ಟ ಆಗುವವರು ಮಾಡುದು. ಹುಡುಗ್ರೂ ಹುಡುಗಿಯರೂ. ಮನೆಯಲ್ಲೇ, ಕೈಗೆ ಸಿಕ್ಕಿದ ಕತ್ತರಿಯಲ್ಲಿ ಕತ್ತರಿಸಿರ್ಬೇಕು, ಸ್ವಲ್ಪ ಓರೆ ಇರ್ಬೇಕು. ಆಗ ಗ್ಯಾರಂಟಿ. ರೀಲ್ಸಲ್ಲಿ ಎಲ್ಲಾ ಬರ್ತದೆ."

ಹಿಂದೆ ನಿಂತ ಹುಡುಗಿಯರು ನಕ್ಕರು. ಕೆಟ್ಟ ನಗು ಅಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. ನಾನು ಇಷ್ಟು ವರ್ಷ ಯಾರಿಗೂ ಹೇಳದ ಮಾತನ್ನು ಈ ಹುಡುಗಿ ಮೊಸರನ್ನ ತಿಂದ ಬಾಯಿ ಒರೆಸಿಕೊಂಡು ಹೇಳಿಬಿಟ್ಟಿದ್ದಳು. ಸರಿಯಾಗಿಯೇ ಹೇಳಿದ್ದಳು ಎನ್ನುವುದು ಇನ್ನೂ ಕಷ್ಟ. ನಾನು ಯಾವ ಗುರುತಿಗೂ ಕತ್ತರಿಸಿದ್ದಲ್ಲ. ಗುರುತು ತಾನಾಗಿ ಬಂದು ಕೂತಿತ್ತು. ಶಾರ್ಜಾದ ಹಿರಿಯರು ಓದಿದ್ದು ತಪ್ಪು, ಇವಳು ಓದಿದ್ದು ಸರಿ, ಆದರೆ ನಾನು ಬಾಯಿ ಬಿಡುವವರೆಗೆ ಇಬ್ಬರೂ ಕಾಯಲಿಲ್ಲ.

"ಹಾಗಾದರೆ ನಿಂದು ಯಾವ ಕಟ್?" ಎಂದೆ.

"ನಂದಾ? ನಂದು ಊರಿಗೆ ಹೋಗುವ ಕಟ್ ಆಂಟಿ." ಅವಳ ಮುಖದಿಂದ ನಗು ಅಷ್ಟಷ್ಟಾಗಿ ಹೋಯಿತು. "ಅಣ್ಣನ ಮದುವೆ ಉಂಟು. ಅನಿತಕ್ಕ, ಹಿಂದೆ ಜುಟ್ಟಿಗೆ ಸಿಗುವಷ್ಟು ಬಿಡಿ ಆಯ್ತಾ. ಚೌರಿ ಸಿಕ್ಕಿಸ್ಲಿಕ್ಕೆ ಹಿಡಿ ಬೇಕು."

ಚೌರಿ, ಎಂದರೆ ಜಡೆಗೆ ಸೇರಿಸುವ ಸುಳ್ಳು ಕೂದಲು, ಅವಳ ಸೂಟ್‌ಕೇಸಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇತ್ತು. ಮಲ್ಲಿಗೆ ಮುಡಿಯಲು, ಫೋಟೋಗೆ ನಿಲ್ಲಲು. ಅನಿತಾ ಹಿಂದಿನ ಕೂದಲನ್ನು ಹಿಡಿದು, ಮುಷ್ಟಿಗೆ ಸಿಗುತ್ತದೋ ನೋಡಿ ನೋಡಿ ಕತ್ತರಿಸಿದಳು. ಬಾಲ್ಕನಿಯ ಮೂಲೆಯಲ್ಲಿ ಎಲ್ಲರ ಕೂದಲೂ ಒಂದೇ ರಾಶಿಯಾಯಿತು. ಗಾಳಿಗೆ ಒಂದಷ್ಟು ಹಾರಿ ಕೆಳಗಿನ ಮನೆಯ ಬಟ್ಟೆ ಹಗ್ಗಕ್ಕೆ ಸಿಕ್ಕಿಕೊಂಡಿತು. ಕೆಳಗಿನಿಂದ ಹೆಂಗಸೊಬ್ಬಳು ಕಿರುಚಿದಳು. ಅದು ಯಾವ ಭಾಷೆಯಾದರೂ ನಮಗೆಲ್ಲ ಅರ್ಥವಾಯಿತು.

ಮ್ತ್ಸ್ಖೇತಾ

ಹೆಸರು ಹೇಳಲು ಹೋದರೆ ಬಾಯಲ್ಲಿ ಬೆಣಚುಕಲ್ಲು ಸಿಕ್ಕಿಕೊಂಡ ಹಾಗಾಗುತ್ತದೆ. ಎರಡು ನದಿ ಸೇರುವ ಊರು, ಹಳೆಯ ಕಲ್ಲಿನ ಇಗರ್ಜಿ. ಹೆಂಗಸರು ತಲೆ ಮುಚ್ಚದೆ ಒಳಗೆ ಹೋಗುವ ಹಾಗಿಲ್ಲ. ಬಾಗಿಲಲ್ಲಿ ಒಂದು ಬುಟ್ಟಿಯ ತುಂಬ ಬಟ್ಟೆಗಳು. ಪ್ಯಾಂಟ್ ಹಾಕಿದವರಿಗೆ ಸೊಂಟಕ್ಕೆ ಸುತ್ತಲು ಬೇರೆ. ನಮ್ಮಲ್ಲಿ ಗಂಡಸರಿಗೆ ಅಂಗಿ ತೆಗೆ ಎನ್ನುವ ದೇವರು, ಇಲ್ಲಿ ಹೆಂಗಸರಿಗೆ ಬಟ್ಟೆ ಸೇರಿಸು ಎನ್ನುತ್ತಾನೆ.

ನಾನು ತಲೆಗೆ ಕಟ್ಟಿಕೊಂಡ ಬಟ್ಟೆ ಜಾರುತ್ತಲೇ ಇತ್ತು. ಹಿಡಿದು ನಿಲ್ಲಲು ಒಳಗೆ ಕೂದಲು ಇರಲಿಲ್ಲ. ಮೇಣದಬತ್ತಿ ಮಾರುವ ಅಜ್ಜಿ ಎದ್ದು ಬಂದು, ಅದನ್ನು ಬಿಗಿಯಾಗಿ ಎಳೆದು ಕಿವಿಯ ಹಿಂದೆ ಗಂಟು ಹಾಕಿದರು. ನನ್ನ ಕೆನ್ನೆ ತಟ್ಟಿದರು. ಅನಿತಾ ಫೋಟೋ ತೆಗೆದಳು. ಹಿಂದೆ ಕಪ್ಪು ಗೋಡೆ, ಸಣ್ಣ ಉರಿಗಳು, ಮಧ್ಯದಲ್ಲಿ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ ನಾನು. ಪ್ರಯಾಣದ ದಣಿವಿನಿಂದ ಕಣ್ಣಿನ ಕೆಳಗೆ ಕಪ್ಪು.

ಆ ಫೋಟೋವನ್ನು ನಾನೇ ಅಮ್ಮನಿಗೆ ಕಳಿಸಿದೆ; ಕೂದಲು ಕತ್ತರಿಸಿಕೊಂಡದ್ದು ಹೊರಡುವ ಮೊದಲೇ ಅವರಿಗೆ ಗೊತ್ತಿತ್ತು. ಯಾವುದೋ ದೇವರ ಜಾಗಕ್ಕೆ ಹೋಗಿದ್ದಾಳೆ ಎಂದು ಅಮ್ಮನಿಗೆ ಸಮಾಧಾನವಾಗಲಿ ಎಂದು. ಅಮ್ಮ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರು. ಕೆಳಗೆ ಕೈ ಮುಗಿಯುವ ಗುರುತು.

ಗಂಧಕದ ಸ್ನಾನ

ತ್ಬಿಲಿಸಿಯ ಹಳೆಯ ಪೇಟೆಯಲ್ಲಿ ನೆಲದಿಂದ ಬಿಸಿನೀರು ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಮೇಲಿನಿಂದ ನೋಡಿದರೆ ಇಟ್ಟಿಗೆಯ ಗುಮ್ಮಟಗಳು, ಕವುಚಿ ಹಾಕಿದ ಮಡಕೆಗಳ ಹಾಗೆ. ಒಳಗೆ ಹೆಂಗಸರ ಕೋಣೆಯಲ್ಲಿ ಎಲ್ಲರೂ ಬರಿಮೈ. ನಾನು ಟವೆಲ್ ಬಿಡದೆ ನಿಂತಿದ್ದೆ. ಮೈ ಉಜ್ಜುವ ದಪ್ಪ ಹೆಂಗಸು ಬಂದು ಅದನ್ನು ಕಿತ್ತುಕೊಂಡು ಗೂಟಕ್ಕೆ ಹಾಕಿ, ನನ್ನನ್ನು ಕಲ್ಲಿನ ಹಾಸಿನ ಮೇಲೆ ಬೋರಲು ಮಲಗಿಸಿ, ಒರಟು ಕೈಗವಸಿನಲ್ಲಿ ತಿಕ್ಕಿದಳು. ಸಿಪ್ಪೆ ಸುಲಿದ ಹಾಗೆ. ಆಮೇಲೆ ಬೆನ್ನಿಗೆ ಒಂದು ಪೆಟ್ಟು ಕೊಟ್ಟು, ಏಳು ಎಂದಳು. ನೀರಲ್ಲಿ ನೆನೆದ ತಲೆಗಳೆಲ್ಲ ಒಂದೇ ಥರ. ಅಲ್ಲಿ ಯಾರೂ ನನ್ನನ್ನು ಓದಲಿಲ್ಲ. ಇಡೀ ಪ್ರವಾಸದಲ್ಲಿ ನಾನು ಹಗುರಾಗಿದ್ದ ಜಾಗ ಯಾವುದು ಎಂದರೆ ಅದೇ ಎನ್ನುತ್ತೇನೆ. ನಿಜವಾಗಿ ಹಾಗಿತ್ತೋ, ಆಮೇಲೆ ಆದದ್ದರಿಂದ ಹಾಗೆ ಕಾಣುತ್ತದೋ, ಹೇಳಲಾರೆ.

ಬಟ್ಟೆ ಹಾಕಿಕೊಳ್ಳುವಾಗ ಫೋನಿನಲ್ಲಿ ಒಂದು ಧ್ವನಿ ಸಂದೇಶ ಇತ್ತು. ಲಲಿತಕ್ಕ. ಕಾಣಿಯೂರಿನಲ್ಲಿ ನಮ್ಮ ಮನೆಯಿಂದ ಎರಡನೇ ಮನೆ. ಅವರಿಗೆ ಕ್ಯಾನ್ಸರ್. ಮದ್ದಿಗಾಗಿ ಮಂಗಳೂರಿಗೆ ಹೋಗಿ ಬರುತ್ತಿದ್ದಾರೆಂದು ನನಗೆ ಗೊತ್ತಿತ್ತು.

"ಸುಮೀ, ನಾನು ಲಲಿತಕ್ಕ ಮಾತಾಡುದು. ನಿನ್ನ ಫೋಟೋ ಅಮ್ಮನ ಸ್ಟೇಟಸ್ಸಲ್ಲಿ ನೋಡಿದೆ ಮಾರಾಯ್ತಿ. ತಲೆಗೆ ಬಟ್ಟೆ ಕಟ್ಟಿದ್ದು. ನೀನಾದ್ರೂ ಚಂದ ಕಾಣ್ತಿ. ನಾನು ಮಂಕಿ ಟೋಪಿ ಹಾಕಿದರೆ ಗೇರುಬೀಜ ಕದಿಯಲಿಕ್ಕೆ ಬಂದವಳ ಹಾಗೆ." ನಕ್ಕು, ಕೆಮ್ಮಿದರು. "ನಂಗೆ ಹೇಳ್ಬಾರ್ದಿತ್ತಾ ನೀನು? ನಿಂಗೂ ಅದೇ ಅಂತ ಈಗ ಗೊತ್ತಾದದ್ದು. ಅಲ್ಲಿ ಮದ್ದು ಹೇಗೆ? ವಾಂತಿ ಬರ್ತದಾ? ಬಾಯಿ ಹುಣ್ಣಾಗ್ತದಾ? ಮದ್ದಿನ ಹೆಸರು ಕಳಿಸು ಆಯ್ತಾ, ನಮ್ಮ ಡಾಕ್ಟ್ರ ಹತ್ರ ಕೇಳ್ತೇನೆ. ಶ್ರಾವ್ಯ ಹೇಳ್ತಾಳೆ, ಮೊದಲು ಸುಮಿಯಕ್ಕ ಗುಣ ಆಗಿ ಬರ್ತಾರೆ, ಆಮೇಲೆ ನೀನು ಅಂತ."

ಶ್ರಾವ್ಯ ಅವರ ಮಗಳು, ಪಿಯುಸಿ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಮನೆಮಾತು ಅರೆಭಾಷೆ. ಇಲ್ಲಿ ಬರೆಯುವಾಗ ಅಮ್ಮನ ಮಾತು ಕನ್ನಡವಾಗುತ್ತದೆ, ಸ್ವಲ್ಪ ಮೆತ್ತಗೂ ಆಗುತ್ತದೆ. ಅಲ್ಲಿ ಅಷ್ಟು ಮೆತ್ತಗಿರಲಿಲ್ಲ.

"ನಂಗೆ ಕ್ಯಾನ್ಸರ್ ಅಂತ ಹೇಳಿದ್ದಾ ನೀವು?"

"ನಾನು ಯಾರಿಗೂ ಹೇಳ್ಲಿಲ್ಲ. ಅವರೇ ಕೇಳಿದ್ದು. ಸುಮಿಗೆ ಆ ಕಾಯಿಲೆಯಾ, ತಲೆ ಹಾಗಾಗಿದೆ, ಫಾರಿನ್‌ಗೆ ಬೇರೆ ಹೋಗಿದ್ದಾಳೆ ಅಂತ. ನಾನು ಕಣ್ಣೊರೆಸಿದೆ. ಅಷ್ಟೆ."

"ಕಣ್ಣು ಯಾಕೆ ಒರೆಸಿದ್ದು?"

"ಒಗ್ಗರಣೆ ಹೊಗೆ."

"ಅಮ್ಮಾ."

"ಮತ್ತೆಂತ ಹೇಳ್ಬೇಕಿತ್ತು?" ಅಮ್ಮನ ದನಿ ಏರಿತು. "ನೀನೇ ಹೇಳು. ನೀನು ಹೇಳಿದ್ದನ್ನೇ ನಾನು ನಾಳೆ ಮನೆಮನೆಗೆ ಹೋಗಿ ಹೇಳ್ತೇನೆ. ಹೇಳು, ಎಂತಕ್ಕೆ ಕತ್ತರಿಸಿದ್ದು? ಅಲ್ಲಿ ಯಾರ ಮನೆಯಲ್ಲಿ ಇದ್ದಿ? ಯಾಕೆ ಅವಳ ಮನೆಯಲ್ಲೇ?"

ಹೇಳಬಹುದಿತ್ತು. ಅಮ್ಮ ಬಾಗಿಲು ಪೂರ್ತಿ ತೆರೆದು ನಿಂತಿದ್ದರು. ನನ್ನ ಎದುರಿನಲ್ಲಿ ಕಿವಿಗೆ ಪುರಸಭೆಯ ಬಿಲ್ಲೆ ಹಾಕಿದ ಬೀದಿನಾಯಿಯೊಂದು ಮಲಗಿತ್ತು. ನಾನು ಆ ಬಿಲ್ಲೆಯ ಬಣ್ಣ ನೋಡುತ್ತಾ ಕೂತೆ.

"ಕಾಯಿಲೆ ಅಂದರೆ ಜನ ಬಂದು ಹೋಗ್ತಾರೆ ಮಗಾ" ಎಂದರು ಅಮ್ಮ. ಈಗ ದನಿ ಇಳಿದಿತ್ತು. "ಹಣ್ಣು ತರ್ತಾರೆ. ಪಕ್ಕದಲ್ಲಿ ಕೂತ್ಕೊಳ್ತಾರೆ. ಬೇರೆ ಎಂತ ಹೇಳಿದರೂ ಅಂಗಳ ದಾಟುದಿಲ್ಲ ಯಾರೂ. ಸುಬ್ರಹ್ಮಣ್ಯಕ್ಕೆ ಹರಕೆ ಹೇಳಿಕೊಂಡಿದ್ದೇನೆ. ನೀನು ಗುಣ ಆದರೆ ಆಶ್ಲೇಷ ಬಲಿ ಮಾಡಿಸ್ತೇನೆ ಅಂತ."

"ಗುಣ ಆಗ್ಲಿಕ್ಕೆ ನಂಗೆ ಎಂತ ಆಗಿದೆ?"

"ಅದು ದೇವರಿಗೆ ಗೊತ್ತುಂಟು." ಮತ್ತೆ, "ನಂಗೂ ಗೊತ್ತುಂಟು" ಎಂದು ಫೋನಿಟ್ಟರು.

ಕಾಜ್ಬೇಗಿಯ ದಾರಿ

ಲಲಿತಕ್ಕನಿಗೆ ನಾನು ಉತ್ತರ ಕೊಡಲಿಲ್ಲ. ಮರುದಿನ ಇನ್ನೊಂದು ಸಂದೇಶ, ಅದರ ಮರುದಿನ ಮತ್ತೊಂದು. ಅಲ್ಲಿ ಎಳನೀರು ಸಿಗುತ್ತದೋ ಎಂದು. ಉಗುರು ಕಪ್ಪಾಗಿದೆಯೋ ಎಂದು. ಅದು ನನ್ನ ಉಗುರಿನ ಪ್ರಶ್ನೆ ಅಲ್ಲ; ಅವರದ್ದು ಕಪ್ಪಾಗಿದೆ, ಅದು ಹೋಗುತ್ತದೋ ಎಂದು ಕೇಳುವುದು.

ಬೆಟ್ಟದ ಊರು ಕಾಜ್ಬೇಗಿಗೆ ಹಲವರು ಸೇರಿ ಬಾಡಿಗೆ ಹಂಚಿಕೊಳ್ಳುವ ವ್ಯಾನಿನಲ್ಲಿ ಹೋದೆವು. ನಮ್ಮ ಶಿರಾಡಿ ಘಾಟಿಯ ಚಾಲಕರನ್ನು ಸಾಧುಗಳೆನ್ನಿಸುವ ಹಾಗೆ ಓಡಿಸುವ ಚಾಲಕ. ಇಗರ್ಜಿ ಕಂಡಾಗಲೆಲ್ಲ ಎರಡೂ ಕೈ ಬಿಟ್ಟು ಶಿಲುಬೆ ಗುರುತು ಮಾಡುತ್ತಿದ್ದ. ದಾರಿಯಲ್ಲಿ ಕುರಿಮಂದೆ ಅಡ್ಡ ಬಂತು. ರಸ್ತೆಯ ತುಂಬ ಕೊಳಕು ಉಣ್ಣೆ. ವ್ಯಾನು ನಿಂತಿತು. ಎಲ್ಲರೂ ಇಳಿದು ಸಿಗರೇಟು ಹಚ್ಚಿದರು. ಯಾರಿಗೂ ಅವಸರವಿರಲಿಲ್ಲ. ನಾನು ಅನಿತಾಳಿಗೆ ಲಲಿತಕ್ಕನ ಸಂದೇಶಗಳನ್ನು ಕೇಳಿಸಿದೆ. ಅವಳು ಕೊನೆಯವರೆಗೆ ಕೇಳಿ ಫೋನನ್ನು ವಾಪಸು ಕೊಟ್ಟಳು.

ಅಲ್ಲಿ ನಾವು ಉಳಿದುಕೊಂಡಿದ್ದ ಮನೆಯವರು ಮಧ್ಯಾಹ್ನ ಊಟಕ್ಕೆ ಕೂರಿಸಿದರು. ಇಲ್ಲಿಯ ಪದ್ಧತಿ ಎಂದರೆ, ಮನೆಯ ಯಜಮಾನ ಎದ್ದು ನಿಂತು ಒಂದೊಂದು ಲೋಟ ದ್ರಾಕ್ಷಾರಸಕ್ಕೂ ಒಂದೊಂದು ಭಾಷಣ ಮಾಡುತ್ತಾನೆ. ಶಾಂತಿಗೆ, ಅತಿಥಿಗಳಿಗೆ, ತಾಯಂದಿರಿಗೆ. ಮಾತು ಮುಗಿಯುವವರೆಗೆ ಕುಡಿಯುವ ಹಾಗಿಲ್ಲ. ನಮ್ಮ ಮದುವೆಮನೆಯ ಅಭಿನಂದನಾ ಭಾಷಣಗಳಿಗೆ ಬಾಯಾರಿಕೆ ಸೇರಿಸಿದ ಹಾಗೆ. ಒಂದು ಲೋಟ ಸತ್ತವರಿಗೆ. ಯಜಮಾನ ತನ್ನ ಸತ್ತ ತಮ್ಮನ ಹೆಸರು ಹೇಳಿದ. ನೀವೂ ಒಬ್ಬರ ಹೆಸರು ಹೇಳಿ ಎಂದು ಕೈ ತೋರಿಸಿದ. ಅನಿತಾ ಅವಳ ಅಪ್ಪನ ಹೆಸರು ಹೇಳಿದಳು. ನನ್ನ ಸರದಿ. ನಾಲಗೆಯ ತುದಿಗೆ ಬಂದ ಹೆಸರು ಲಲಿತಾ. ಬದುಕಿರುವ ಹೆಂಗಸು. ನಾನು ಬಾಯಿ ಮುಚ್ಚಿಕೊಂಡು ಲೋಟ ಎತ್ತಿದೆ.

ಊಟದ ಮೇಲೆ ಹೊಲದ ಕಲ್ಲುಕಟ್ಟೆಯ ಮೇಲೆ ಕೂತಾಗ ಅನಿತಾ ಮಾತಾಡಿದಳು.

"ಊರಿಗೆ ಹೋಗಿ ಹೇಳು ಸುಮಿ. ಇಡೀ ಊರಿಗೆ ಬೇಡ. ಆ ಲಲಿತಕ್ಕನಿಗೆ ನಿಂಗೆ ಕಾಯಿಲೆ ಇಲ್ಲ ಅಂತ ಹೇಳು. ಅಮ್ಮನಿಗೆ ಮುಖ ನೋಡಿ ನನ್ನ ಹೆಸರು ಹೇಳು. ಇಬ್ಬರೇ."

"ಹೇಳದಿದ್ರೆ?"

"ಹೇಳದಿದ್ರೆ ಮತ್ತೆ ಇಲ್ಲಿಗೆ ಬರ್ಬೇಡ." ಅವಳು ಹುಲ್ಲು ಕಿತ್ತು ಬೆರಳಿಗೆ ಸುತ್ತುತ್ತಿದ್ದಳು. "ನಾನು ಒಳ್ಳೆ ಮಾತಲ್ಲೇ ಹೇಳುದು ಮಾರಾಯ್ತಿ. ನಾನು ನಿನ್ನ ಕ್ಯಾನ್ಸರಾ? ಹಾಗಾದ್ರೆ ನೀನು ಗುಣ ಆಗುದು ಅಂದರೆ ಎಂತ?"

ಹೇಳುತ್ತೇನೆ ಎಂದೆ. ಅವಳು ನಂ‌ಬಲಿಲ್ಲವೇನೋ. ಅಥವಾ ಅವಳು ನಂಬಿದಳು, ನನ್ನ ಮಾತನ್ನು ನಾನೇ ನಂಬಲಿಲ್ಲ.

ಹೊರಡುವ ದಿನ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, ಇನ್ನೂ ಚಿಕ್ಕದಾಗಿ ಕತ್ತರಿಸು ಎಂದು ನಾನೇ ಕೇಳಿದೆ. ಊರಲ್ಲಿ ಯಾರೂ ಬೆಳೆಯುತ್ತಿದೆ ಎನ್ನಬಾರದು. ಇದು ಮೊನ್ನೆ ಕತ್ತರಿಸಿದ್ದು, ಬೇಕೆಂದೇ ಕತ್ತರಿಸಿದ್ದು ಎಂದು ಕಣ್ಣಿಗೆ ಹೊಡೆಯಬೇಕು. ಅನಿತಾ ಮೆಸ್ಸಿನ ಹುಡುಗರ ಟ್ರಿಮ್ಮರ್ ತಂದು ಸಮ ಮಾಡಿದಳು. ಕುತ್ತಿಗೆಯ ಮೇಲಿನ ತುಣುಕುಗಳನ್ನು ಊದಿದಳು. ಅವಳ ಉಸಿರಿಗೆ ಹುಳಿ ಪ್ಲಮ್ಮಿನ ವಾಸನೆ ಇತ್ತು. ಅಂಗೈಯಿಂದ ನನ್ನ ತಲೆಯನ್ನು ಹಿಂದಿನಿಂದ ಮುಂದಕ್ಕೆ ಸವರಿ, "ಈಗ ಯಾರಿಗೂ ಸಂಶಯ ಬರ್ಲಿಕ್ಕಿಲ್ಲ" ಎಂದಳು.

ಕಾಣಿಯೂರು

ಮಂಗಳೂರಿನಿಂದ ಪುತ್ತೂರಿಗೆ ಬಸ್ಸು, ಪುತ್ತೂರಿನಿಂದ ಕಾಣಿಯೂರಿಗೆ ಇನ್ನೊಂದು. ಕಂಡಕ್ಟರ್ ನನ್ನ ತಲೆ ನೋಡಿ, ನಿಂತವರನ್ನು ಸರಿಸಿ ಸೀಟು ಕೊಡಿಸಿದ. ಬೇಡ ಎಂದರೂ ಕೇಳಲಿಲ್ಲ. "ಕೂತ್ಕೊಳ್ಳಿ ಅಕ್ಕ, ಗೊತ್ತಾಗ್ತದೆ ನಮಗೆ." ಕೂತೆ.

ಮನೆಯಲ್ಲಿ ಅಮ್ಮ ನನ್ನ ತಲೆಯನ್ನು ಒಮ್ಮೆ ನೋಡಿ ಕಣ್ಣು ತಪ್ಪಿಸಿದರು. ಮೇಜಿನ ಮೇಲೆ ಬಂದವರು ತಂದಿಟ್ಟ ಹಣ್ಣುಗಳಿದ್ದವು. ಸೇಬು, ಮೂಸಂಬಿ, ಕಪ್ಪಾಗುತ್ತಿರುವ ಬಾಳೆಹಣ್ಣು. "ಲಲಿತ ಕೇಳ್ತಾ ಇದ್ದಾಳೆ" ಎಂದರು. "ಕೈಕಾಲು ತೊಳೆದು ಬಾ, ಹೋಗಿ ಬರುವ."

ದಾರಿಯಲ್ಲೇ ಅಮ್ಮನಿಗೆ ಹೇಳುತ್ತೇನೆ ಎಂದುಕೊಂಡೆ. ಕಾಲುದಾರಿ ಕಿರಿದಾಗಿತ್ತು. ಅಮ್ಮ ಮುಂದೆ ನಡೆಯುತ್ತಿದ್ದರು. ಮುಖ ನೋಡಿ ಹೇಳು ಎಂದಿದ್ದಳು ಅನಿತಾ, ಬೆನ್ನು ನೋಡಿಯಲ್ಲ. ಲಲಿತಕ್ಕನ ಮನೆಯಲ್ಲಿ ಅಮ್ಮ ಒಳಗೆ ಬರದೆ ಚಾವಡಿಯ ಬೆಂಚಿನ ಮೇಲೆಯೇ ಕೂತರು.

ಒಳಗೆ ಲಲಿತಕ್ಕ ಮಂಚದ ಮೇಲೆ ಇದ್ದರು. ಮಂಕಿ ಟೋಪಿ ದಿಂಬಿನ ಪಕ್ಕ ಬಿದ್ದಿತ್ತು. ನಾನು ಬಿಟ್ಟು ಹೋದ ಲಲಿತಕ್ಕನ ಅರ್ಧ ಮಾತ್ರ ಅಲ್ಲಿತ್ತು. ಕಣ್ಣು ಮಾತ್ರ ಮೊದಲಿನಷ್ಟೇ ದೊಡ್ಡದು. ನನ್ನ ತಲೆಗೆ ಕೈ ಹಾಕಿದರು.

"ಅಯ್ಯೋ, ಪೂರ್ತಿ ಹೋಗಿ ಹೊಸತು ಬಂದದ್ದಾ ಇದು? ಎಷ್ಟು ಸಮ ಬಂದಿದೆ ಮಾರಾಯ್ತಿ! ಮಾತ್ರೆ ತಂದಿದ್ದಿಯಾ? ತೋರಿಸು."

ನಾನು ಬಾಗಿಲು ಮುಂದೆ ಮಾಡಿ ಅವರ ಪಕ್ಕ ಕೂತೆ.

"ಲಲಿತಕ್ಕ, ನಂಗೆ ಕಾಯಿಲೆ ಇಲ್ಲ."

"ಹೌದು, ಈಗ ಇಲ್ಲ."

"ಈಗ ಅಲ್ಲ. ಯಾವಾಗ್ಲೂ ಇರ್ಲಿಲ್ಲ. ಕೂದಲು ನಾನೇ ಕತ್ತರಿಸಿದ್ದು."

ಅವರು ಕೈ ತೆಗೆಯಲಿಲ್ಲ. "ಎಂತಕ್ಕೆ?"

ಆಗ ನಾನು ಹೇಳಿದೆ. ಅನಿತಾ ಎಂಬವಳಿದ್ದಾಳೆ, ದಿನೇಶನ ಜೊತೆ ಹೇಗಿದ್ದೆನೋ ಅವಳ ಜೊತೆಗೂ ಹಾಗೇ, ನನಗೆ ಮೊದಲಿನಿಂದಲೂ ಗಂಡಾದರೂ ಹೆಣ್ಣಾದರೂ ಹಾಗೆಯೇ ಎಂದು. ಇಷ್ಟು ಕ್ರಮವಾಗಿ ಹೇಳಿರಲಿಕ್ಕಿಲ್ಲ. ದಿಂಬಿನ ಮೇಲಿನ ಟೋಪಿಯನ್ನು ಕೈಯಲ್ಲಿ ಮಡಿಸುತ್ತಾ ಬಿಡಿಸುತ್ತಾ ಹೇಳಿದ್ದು ನೆನಪುಂಟು.

ಲಲಿತಕ್ಕ ಮಾಡಿನ ಹಂಚಿನ ಕಡೆ ಕಣ್ಣು ತಿರುಗಿಸಿದರು.

"ಹಾಗಾದ್ರೆ ಮದ್ದು ಇಲ್ಲ" ಎಂದರು.

"ಇಲ್ಲ."

"ನಿನ್ನ ಆ ಸಂಗತಿ ನಂಗೆ ಅರ್ಥ ಆಗುದಿಲ್ಲ ಸುಮಿ. ಇರ್ಲಿ. ನಾನು ಯಾರಿಗೆ ಹೇಳ್ಲಿಕ್ಕೆ, ಇನ್ನು ಎಷ್ಟು ದಿನ ಇರ್ತೇನೆ ಅಂತ." ಅವರು ನನ್ನ ಮಣಿಕಟ್ಟು ಹಿಡಿದರು. ಆ ಕೈಯಲ್ಲಿ ಅಷ್ಟು ಬಲ ಇನ್ನೂ ಇತ್ತು. "ಶ್ರಾವ್ಯನಿಗೆ ಹೇಳ್ಬೇಡ. ಅವಳು ಪುಸ್ತಕ ಮುಟ್ಟದೆ, ಅನ್ನ ಮುಟ್ಟದೆ ಕೂತಿದ್ದಳು. ನೀನು ಗುಣ ಆಗಿ ಬರ್ತಿ ಅಂತ ಆದಮೇಲೆ ಎದ್ದದ್ದು. ನಿಂಗೆ ಕೈಮುಗಿತೇನೆ. ಸ್ವಲ್ಪ ಸಮಯ ಗುಣ ಆದವಳಾಗಿಯೇ ಇರು. ಕೂದಲು ಬಿಡು. ಅದು ಉದ್ದ ಆಗುದನ್ನು ಅವಳು ನೋಡ್ಲಿ."

"ಲಲಿತಕ್ಕ, ನಾನು ಅಮ್ಮನಿಗೂ ಹೇಳ್ಬೇಕು. ಮಾತು ಕೊಟ್ಟಿದ್ದೇನೆ."

"ಅಮ್ಮನಿಗೆ ಹೇಳಿದ್ರೆ ಅವರು ನಿನ್ನನ್ನು ಮತ್ತೆ ಮನೆಗೆ ಸೇರಿಸ್ತಾರಾ? ನೀನು ಕಣ್ಣೆದುರು ಇಲ್ಲದಿದ್ರೆ ನನ್ನ ಮಗಳು ಯಾರನ್ನು ನೋಡ್ಬೇಕು?"

ಅಷ್ಟರಲ್ಲಿ ಶ್ರಾವ್ಯ ಬಾಗಿಲು ತಳ್ಳಿಕೊಂಡು ಬಂದಳು, ಕಾಲೇಜಿನ ಚೂಡಿದಾರದಲ್ಲಿಯೇ, ಹೆಗಲಲ್ಲಿ ಚೀಲ. ಸೊಂಟದವರೆಗಿನ ಜಡೆ. ನನ್ನನ್ನು ನೋಡಿ ನಿಂತಳು. ಹತ್ತಿರ ಬಂದು, ಕೇಳದೆಯೇ ನನ್ನ ತಲೆಯ ಮೇಲೆ ಬೆರಳಿಟ್ಟು, ಕೂದಲು ಎಷ್ಟುದ್ದ ಎಂದು ಅಳೆದಳು. ಉಗುರಿನ ಅರ್ಧಕ್ಕೆ ಬಂತು.

"ಸುಮಿಯಕ್ಕ, ಮದ್ದು ನಿಲ್ಲಿಸಿ ಎಷ್ಟು ಸಮಯಕ್ಕೆ ಇಷ್ಟು ಬಂತು?"

ಲಲಿತಕ್ಕ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಬಾಗಿಲು ಈಗ ಪೂರ್ತಿ ತೆರೆದಿತ್ತು. ಚಾವಡಿಯ ಬೆಂಚಿನ ಮೇಲೆ ಅಮ್ಮ ಈ ಕಡೆಗೇ ತಿರುಗಿ ಕೂತಿದ್ದರು. ನಾನು ಅವರ ಮುಖ ನೋಡಿದೆ. ಅವರೂ ನೋಡಿದರು.

"ಒಂದು ತಿಂಗಳು" ಎಂದೆ. "ಸುರುವಿಗೆ ಮೆತ್ತಗಿರ್ತದೆ. ಆಮೇಲೆ ಗಟ್ಟಿ ಆಗ್ತದೆ."

ಶ್ರಾವ್ಯ ತನ್ನ ಅಮ್ಮನ ಬೋಳು ತಲೆಯನ್ನು ನೋಡಿ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿಕೊಂಡಳು. ಹೊರಗಿನಿಂದ ನನ್ನ ಅಮ್ಮ ಅವಳಿಗೆ ಹೇಳಿದರು, "ಹೌದು ಮಗಾ. ನಾನು ಕಣ್ಣಾರೆ ನೋಡಿದ್ದಲ್ವಾ."